ಬಿಯರ್ ಕೆಟ್ಟಿತಾ? ಚೆಲ್ಲೋ ಮುಂಚೆ ಸ್ವಲ್ಪ ತಡೀರಿ!

ಅಮೆರಿಕದಲ್ಲಿರೋ ನಿಮ್ಮ ತಮ್ಮನೋ ಭಾವನೋ ಮನೇಲೇ ಬಿಯರ್ ಮಾಡ್ತಾರಾ? ಅಲ್ಲಿ 1978ರ ಫೆಡರಲ್ ಕಾನೂನು ಸ್ವಂತ ಬಳಕೆಗೆ ದಾರಿ ತೆರೆಯಿತು. ನಮ್ಮ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆ ಮಾಡೋದು ಅಪರಾಧ, ಇಲ್ಲಿ ಟ್ರೈ ಮಾಡಬೇಡಿ! ಆದರೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮಾಡಿ, ವಾರಗಟ್ಟಲೆ ಕಾದು, ಮೊದಲ ಗುಟುಕಿಗೇ ಮುಖ ಹುಳ್ಳಗಾದವರು ಫೋನ್ ಮಾಡಿದರೆ ಹೀಗೆ ಹೇಳಿ.

ನೊರೆಯೇ ಇಲ್ಲವಾ? ಬಾಟಲಿಯೊಳಗೆ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡಬೇಕು. ಚಳಿಯಲ್ಲಿ ಅದು ಮುದುಡಿ ಕೂರುತ್ತೆ, ಡೆಲ್ಲಿ ಚಳಿಗಾಲದಲ್ಲಿ ನಮ್ಮ ದೋಸೆ ಹಿಟ್ಟು ಉಬ್ಬದ ಹಾಗೆ! 20 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಇನ್ನೆರಡು ವಾರ ಇಡಲಿ.

ಬೆಣ್ಣೆ ವಾಸನೆಯಾ? ಅದು ಡೈಅಸಿಟೈಲ್. ಯೀಸ್ಟ್ ಜೀವಂತವಾಗಿದ್ದು ಬೆಚ್ಚಗಿದ್ದರೆ ತಾನೇ ಅದನ್ನು ಹೀರಿಕೊಳ್ಳುತ್ತೆ. ಒದ್ದೆ ರಟ್ಟಿನ ರುಚಿ ಬಂದರೆ ಮಾತ್ರ ಗಾಳಿ ಸೋಕಿದೆ ಅಂತ ಅರ್ಥ, ಅದಕ್ಕೆ ಮದ್ದಿಲ್ಲ.

ಮುಚ್ಚಳ ತೆಗೆದ ಕೂಡಲೇ ಬುಸ್ಸೆಂದು ಉಕ್ಕಿದರೆ ಹುಷಾರ್! ಸಕ್ಕರೆ ಹೆಚ್ಚಾಗಿದೆ, ಇಲ್ಲವೇ ಬೇಡದ ಸೂಕ್ಷ್ಮಜೀವಿ ಹೊಕ್ಕಿದೆ. ಮಿಕ್ಕ ಬಾಟಲಿಗಳು ಸಿಡಿದರೆ ಗಾಜು ಕಣ್ಣಿಗೇ ಬಡಿಯಬಹುದು. ದಪ್ಪ ಗ್ಲೌಸ್, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಲಿ. ಚೆನ್ನಾಗಿ ತಣ್ಣಗಾದ ಮೇಲೆ, ಮುಖದಿಂದ ದೂರ ಹಿಡಿದು ತೆರೆದು ಚೆಲ್ಲಲಿ.

ನೆನಪಿರಲಿ: ಸಪ್ಪೆ ಬಿಯರ್‌ಗೆ ತಾಳ್ಮೆ ಬೇಕು, ಉಕ್ಕೋ ಬಿಯರ್‌ಗೆ ಅವಸರ ಬೇಕು. ಈ ಭಾನುವಾರದ ಫೋನಿನಲ್ಲೇ ತಿಳಿಸಿಬಿಡಿ!