ಶನಿಯ ಲೆಕ್ಕ ಸರಿ, ಶನಿಯ ಭಯ ತಪ್ಪು

ಮದುವೆ ಮಾತು ಮುರಿದರೆ ಶನಿ, ಬೋರ್‌ವೆಲ್‌ನಲ್ಲಿ ನೀರು ಬೀಳದಿದ್ದರೆ ಶನಿ, ಅರಿಸಿನದ ಬೆಲೆ ಕುಸಿದರೂ ಶನಿ. ಚಾಮರಾಜನಗರ ಜಿಲ್ಲೆಯಲ್ಲಿ ಹರವೆಯಿಂದ ಗುಂಡ್ಲುಪೇಟೆವರೆಗೆ ಯಾವ ಊರಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಹೆಸರು ಇಷ್ಟು ಬಳಕೆಯಲ್ಲಿದ್ದರೂ ಆ ಗ್ರಹವನ್ನು ಗುರುತಿಸಿ ನೋಡಿದವರು ಕಡಿಮೆ. ನೋಡಿ ತಿಳಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ತಪ್ಪು ಕಲ್ಪನೆ: ಶನಿ ಕಪ್ಪು ಗ್ರಹ, ಬರಿಗಣ್ಣಿಗೆ ಕಾಣುವುದಿಲ್ಲ.

ಸತ್ಯ: ಶನಿಯ ಬಣ್ಣ ತಿಳಿಹಳದಿ. ಅದರ ಮೇಲ್ಪದರದ ಅಮೋನಿಯಾ ಮೋಡ, ಮಂಜಿನಿಂದ ಆ ಬಣ್ಣ ಬಂದಿದೆ. ವರ್ಷದ ಹಲವು ತಿಂಗಳು ಅದು ರಾತ್ರಿ ಆಕಾಶದಲ್ಲಿರುತ್ತದೆ. ಬೀದಿದೀಪದಿಂದ ದೂರ, ಹರವೆಯ ಹೊಲದ ಬದುವಿನಲ್ಲಿ ನಿಂತರೆ ನಕ್ಷತ್ರಗಳ ನಡುವೆ ಅಷ್ಟಾಗಿ ಮಿನುಗದೆ, ನಿಂತ ಬೆಳಕಿನಂತೆ ಕಾಣುತ್ತದೆ.

ತಪ್ಪು ಕಲ್ಪನೆ: ಸಾಡೇಸಾತಿ ಬಂದರೆ ಏಳೂವರೆ ವರ್ಷ ಕಷ್ಟ ತಪ್ಪದು.

ಸತ್ಯ: ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಹೀಗೆ ಮೂರು ರಾಶಿಗಳನ್ನು ಶನಿ ದಾಟುವ ಕಾಲವನ್ನು ಸಾಡೇಸಾತಿ ಎನ್ನುತ್ತಾರೆ. ಏಳೂವರೆ ಎಂಬ ಲೆಕ್ಕದಲ್ಲಿ ತಪ್ಪಿಲ್ಲ. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ದೂರದರ್ಶಕವಿಲ್ಲದ ಕಾಲದಲ್ಲಿ ತಲೆಮಾರುಗಟ್ಟಲೆ ಆಕಾಶ ನೋಡಿ ನಮ್ಮ ಹಿರಿಯರು ಕಂಡುಕೊಂಡ ಲೆಕ್ಕವಿದು, ಹೆಮ್ಮೆಪಡಬೇಕಾದ್ದು. ಆದರೆ ಹನ್ನೆರಡರಲ್ಲಿ ಮೂರು ರಾಶಿ ಎಂದರೆ ಯಾವ ಹೊತ್ತಿನಲ್ಲೂ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು ಸಾಡೇಸಾತಿಯಲ್ಲೇ ಇರುತ್ತಾರೆ. ಕೆಲಸ ಸಿಕ್ಕವರು, ಮನೆ ಕಟ್ಟಿದವರು, ಮಗು ಹೆತ್ತವರು ಎಲ್ಲರೂ ಅವರಲ್ಲಿದ್ದಾರೆ. ಸೂರ್ಯನಿಂದ ಸುಮಾರು 143 ಕೋಟಿ ಕಿ.ಮೀ. ದೂರದಲ್ಲಿರುವ ಗ್ರಹಕ್ಕೆ ಯಾರ ಜಾತಕವೂ ಗೊತ್ತಿಲ್ಲ.

ತಪ್ಪು ಕಲ್ಪನೆ: ಶನಿಯ ಉಂಗುರ ಒಂದು ಗಟ್ಟಿ ತಟ್ಟೆ.

ಸತ್ಯ: ಅದು ಬಹುಪಾಲು ನೀರ್ಗಲ್ಲಿನ ಚೂರುಗಳ ಹಿಂಡು. ದೂಳಿನ ಕಣದಿಂದ ಮನೆಯಷ್ಟು ದೊಡ್ಡ ತುಂಡಿನವರೆಗೆ ಪ್ರತಿಯೊಂದೂ ತನ್ನದೇ ದಾರಿಯಲ್ಲಿ ಶನಿಯನ್ನು ಸುತ್ತುತ್ತದೆ. ಉಂಗುರ ಗಟ್ಟಿಯಾಗಿರಲು ಸಾಧ್ಯವಿಲ್ಲ ಎಂದು 1859ರಲ್ಲೇ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ್ದ. ಮುಖ್ಯ ಉಂಗುರಗಳು ಅಂಚಿನಿಂದ ಅಂಚಿಗೆ ಸುಮಾರು 2.8 ಲಕ್ಷ ಕಿ.ಮೀ. ಇದ್ದರೂ ದಪ್ಪ ಬಹುತೇಕ ಕಡೆ ಹತ್ತಾರು ಮೀಟರ್ ಮಾತ್ರ. 2025ರ ಮಾರ್ಚ್‌ನಲ್ಲಿ ಅವುಗಳ ಅಂಚು ನೇರ ನಮ್ಮತ್ತ ತಿರುಗಿತ್ತು. ಅಂಥ ಸಮಯದಲ್ಲಿ ಸಣ್ಣ ದೂರದರ್ಶಕಕ್ಕೆ ಉಂಗುರ ಕಾಣುವುದೇ ಇಲ್ಲ.

ತಪ್ಪು ಕಲ್ಪನೆ: ಉಂಗುರ ಇರುವುದು ಶನಿಗೆ ಮಾತ್ರ.

ಸತ್ಯ: ಗುರು, ಯುರೇನಸ್, ನೆಪ್ಚೂನ್‌ಗಳಿಗೂ ಇವೆ. 1977ರ ಮಾರ್ಚ್ 10ರಂದು ನಮ್ಮ ನೋಟಕ್ಕೆ ಯುರೇನಸ್ ನಕ್ಷತ್ರವೊಂದರ ಸನಿಹ ಬಂದಾಗ ಆ ನಕ್ಷತ್ರದ ಬೆಳಕು ಹಲವು ಬಾರಿ ಕ್ಷಣಕಾಲ ಕುಂದಿತು. ಯುರೇನಸ್‌ನ ಉಂಗುರಗಳು ಪತ್ತೆಯಾದದ್ದು ಹೀಗೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ದೂರದರ್ಶಕದಲ್ಲೂ ಆ ರಾತ್ರಿ ಬೆಳಕು ಕುಂದಿದ್ದು ದಾಖಲಾಯಿತು.

ತಪ್ಪು ಕಲ್ಪನೆ: ಶನಿ ಪೂರ್ತಿ ಗಾಳಿಯ ಉಂಡೆ, ನೀರಿಗೆ ಹಾಕಿದರೆ ತೇಲುತ್ತದೆ.

ಸತ್ಯ: ಅದರ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ, ಘನ ಸೆಂ.ಮೀ.ಗೆ ಸುಮಾರು 0.69 ಗ್ರಾಂ. ತೇಲುವ ಮಾತು ಈ ಅಂಕಿಯಿಂದ ಹುಟ್ಟಿದ್ದು. ಆದರೆ ಒಳಗೆ ಹೋದಂತೆ ಒತ್ತಡಕ್ಕೆ ಹೈಡ್ರೋಜನ್ ದ್ರವವಾಗುತ್ತದೆ, ಇನ್ನೂ ಆಳದಲ್ಲಿ ಲೋಹದಂತೆ ವರ್ತಿಸುತ್ತದೆ. ನಡುವಿನಲ್ಲಿ ಭಾರದ ವಸ್ತುಗಳಿವೆ. ಇಡೀ ಗ್ರಹದ ತೂಕ ಭೂಮಿಯ ಸುಮಾರು 95 ಪಟ್ಟು.

ಭಯ ಹೇಗೆ ಬೆಳೆಯುತ್ತದೆ ಎಂದು ಈ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತಿಗೆ ಅಂಜಿ ಎಷ್ಟೋ ಮಂದಿ ಇತ್ತ ತಲೆಹಾಕಲಿಲ್ಲ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಹಲವು ಸಲ ಬಂದುಹೋದರು, ಐದು ವರ್ಷವನ್ನೂ ಪೂರೈಸಿದರು. ಶನಿವಾರ ಎಳ್ಳುಬತ್ತಿ ಹಚ್ಚುವುದು ಅವರವರ ಭಕ್ತಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಶನಿಯ ಹೆಸರಿನಲ್ಲಿ ಹೆಣ್ಣುಮಗಳ ಮದುವೆ ಮುಂದೂಡುವುದು, ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವುದು, ಶಾಂತಿ ಮಾಡಿಸಲು ಸಾಲ ಎತ್ತುವುದು ನಿಲ್ಲಬೇಕು. ಆ ನಷ್ಟ ಮಾಡುವುದು ಗ್ರಹವಲ್ಲ, ನಾವೇ.