ತಾತಯ್ಯನ ಪದ ಎಲ್ಲರದು, ಕ್ಯಾಸೆಟ್ ಯಾರದು?

ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಕ್ಯಾಸೆಟ್ ಕಾಲ ಅಜ್ಜ-ಅಜ್ಜಿಯರಿಗೆ ನೆನಪಿದ್ದೀತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಮೆಮೊರಿ ಕಾರ್ಡ್ ತುಂಬ ಹಾಡು ಸಿಗತೊಡಗಿತು. ಆ ದುಡ್ಡಿನಲ್ಲಿ ಹಾಡು ಬರೆದವರಿಗೆ, ಹಾಡಿದವರಿಗೆ ಒಂದು ಪೈಸೆಯೂ ಸೇರುತ್ತಿರಲಿಲ್ಲ. ಆಡಿಯೊ ಕಂಪನಿಗಳ ಸಿಟ್ಟಿಗೆ ಇದೇ ಕಾರಣ.

ಅಮೆರಿಕದಲ್ಲಿ 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹುಡುಗ ‘ನ್ಯಾಪ್‌ಸ್ಟರ್’ ರೂಪಿಸಿದ. ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬರು ಇಂಟರ್‌ನೆಟ್ ಮೂಲಕ ಪುಕ್ಕಟೆ ಪಡೆಯಬಹುದಿತ್ತು. ಕಂಪನಿಗಳು ಅದೇ ವರ್ಷ ದಾವೆ ಹೂಡಿದವು. 2001ರಲ್ಲಿ ಅದು ನಿಂತುಹೋಯಿತು. 2003ರಲ್ಲಿ ಹಾಡು ಹಂಚಿಕೊಂಡ ಸಾಮಾನ್ಯರ ಮೇಲೂ ಮೊಕದ್ದಮೆ ಬಿತ್ತು. ಅವರಲ್ಲಿ 12 ವರ್ಷದ ಬಾಲಕಿಯೂ ಇದ್ದಳು!

ನಮ್ಮ ದೇಶದಲ್ಲಿ 2012ರಲ್ಲಿ ಕಲ್ಕತ್ತಾ ಹೈಕೋರ್ಟು ಹಾಡು ಕದ್ದು ಹಂಚುತ್ತಿದ್ದ 104 ಜಾಲತಾಣಗಳನ್ನು ತಡೆಯಲು ಹೇಳಿತು. 2022ರ ನವೆಂಬರಿನಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್, ‘ಕೆಜಿಎಫ್–2’ರ ಹಾಡನ್ನು ಅನುಮತಿಯಿಲ್ಲದೆ ವಿಡಿಯೊಗೆ ಬಳಸಿದರೆಂದು ರಾಜಕೀಯ ಪಕ್ಷವೊಂದರ ವಿರುದ್ಧ ಕೋರ್ಟಿಗೆ ಹೋಯಿತು. ಕೆಳ ಕೋರ್ಟು ಟ್ವಿಟರ್ ಖಾತೆಗಳನ್ನೇ ತಡೆಯಲು ಆದೇಶಿಸಿತು. ಮರುದಿನ ಹೈಕೋರ್ಟು ಅದನ್ನು ರದ್ದುಪಡಿಸಿ, ಆ ವಿಡಿಯೊಗಳನ್ನು ತೆಗೆದುಹಾಕಬೇಕೆಂದು ಹೇಳಿತು.

ಕಂಪನಿಗಳು ಮಾಡಿದ್ದೆಲ್ಲ ಸರಿಯೆಂದೂ ಅಲ್ಲ. ಹಕ್ಕನ್ನು ಒಂದೇ ಸಲಕ್ಕೆ ಬರೆಸಿಕೊಂಡರೆ ಕವಿಗೂ ಸಂಗೀತ ನಿರ್ದೇಶಕರಿಗೂ ಮುಂದಿನ ಗಳಿಕೆಯಲ್ಲಿ ಪಾಲು ಸಿಗುತ್ತಿರಲಿಲ್ಲ. ಆ ಪಾಲನ್ನು ಉಳಿಸಲೆಂದೇ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು.

ಹಾಗಾದರೆ ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರ ಪದಗಳು ಯಾರದು? ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಅವರ ಕಾಲ 19ನೇ ಶತಮಾನಕ್ಕೇ ಮುಗಿಯಿತು. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯ ಎಲ್ಲರ ಸೊತ್ತು. ಆದರೆ ಅದೇ ಪದವನ್ನು ಗಾಯಕರಿಂದ ಹಾಡಿಸಿ ಬಿಡುಗಡೆ ಮಾಡಿದ ಧ್ವನಿಮುದ್ರಿಕೆಗೆ, ಬಿಡುಗಡೆಯ ಮರುವರ್ಷದಿಂದ 60 ವರ್ಷ ಬೇರೆಯೇ ಹಕ್ಕುಂಟು. ಬಾವಿ ಊರಿನದೇ, ಆದರೂ ಇನ್ನೊಬ್ಬರು ಸೇದಿ ಹೊತ್ತು ತಂದ ಕೊಡದ ನೀರನ್ನು ಕೇಳದೆ ಬಗ್ಗಿಸಿಕೊಳ್ಳಬಹುದೇ?

ಈಗ ಕಂಪನಿಗಳೇ ಯೂಟ್ಯೂಬಿಗೆ ಹಾಡು ಹಾಕಿ ಜಾಹೀರಾತಿನಿಂದ ಗಳಿಸುತ್ತವೆ. ಅದರ ಲಿಂಕ್ ಕಳಿಸಿದರೆ ಯಾರಿಗೂ ನಷ್ಟವಿಲ್ಲ. ಹಾಡನ್ನೇ ನಕಲು ಮಾಡಿ ಹಂಚುವುದು ಮಾತ್ರ ತಪ್ಪು.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜಿ ಹಾಡುವ ತಾತಯ್ಯನ ಪದವನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅಜ್ಜಿ ಹೂಂ ಅಂದರೆ ನೆಂಟರಿಗೆಲ್ಲ ಕಳಿಸಿ. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ.