ದೊಡ್ಡ ಎಸಿ ತರೋ ಮೊದಲು ಸೋರಿಕೆ ಹುಡುಕಿ: ಬಾಳೆ ಮಾಗಿಸುವ ಕೋಣೆಗೆ ಅರ್ಧ ದಿನದ ತಪಾಸಣೆ

ಬಾಳೆಗೊನೆಯನ್ನ ಕಾಯಾಗಿ ಮಂಡಿಗೆ ಹಾಕೋ ಬದಲು ಹಣ್ಣು ಮಾಡಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತೆ ಅನ್ನೋದು ನಂಜನಗೂಡು, ಟಿ. ನರಸೀಪುರ ಕಡೆಯ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಿಲ್ಲ. ಅದಕ್ಕಾಗಿ ಒಬ್ಬರೇ ಆಗಲಿ, ನಾಲ್ಕೈದು ಜನ ಸೇರಿ ಆಗಲಿ, ಸಣ್ಣ ಮಾಗಿಸುವ ಕೋಣೆ ಕಟ್ಟಿಕೊಂಡವರಿದ್ದಾರೆ. ಕಟ್ಟಿದ ಮೇಲೆ ಬರೋ ದೂರುಗಳು ಮಾತ್ರ ಹೆಚ್ಚುಕಮ್ಮಿ ಒಂದೇ ಥರ. "ಮುಂದಿನ ಕ್ರೇಟು ಹಣ್ಣಾಯ್ತು, ಹಿಂದಿಂದು ಇನ್ನೂ ಕಾಯಿ." "ಎಸಿ ಬಿಡುವಿಲ್ಲದೆ ಓಡುತ್ತೆ, ಥರ್ಮಾಮೀಟರ್ 20ರಿಂದ ಕೆಳಗೆ ಇಳಿಯಲ್ಲ." "ಗ್ಯಾಸ್ ಎರಡು ಸಲ ಬಿಟ್ರೂ ಬಣ್ಣ ಕೂರಲಿಲ್ಲ."

ಮೆಕ್ಯಾನಿಕ್ ಬಂದರೆ ಸಿಗೋ ಉತ್ತರವೂ ಸಾಮಾನ್ಯವಾಗಿ ಒಂದೇ: "ಇದು ಸಾಲಲ್ಲ ಸಾರ್, ದೊಡ್ಡ ಮಿಷನ್ ಹಾಕಿಸಿ." ಕೆಲವು ಸಲ ಅದು ನಿಜ ಇರಬಹುದು. ಆದರೆ ದುಡ್ಡು ಬಿಚ್ಚೋ ಮೊದಲು ಅರ್ಧ ದಿನ ಇಟ್ಟುಕೊಂಡು, ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಅಂತ ನೋಡಿ. ತೂತಿರೋ ಬಿಂದಿಗೆಗೆ ದೊಡ್ಡ ನಲ್ಲಿ ಹಾಕಿ ಪ್ರಯೋಜನ ಇಲ್ಲ.

ಸೋರಿದರೆ ಏನೇನು ಹೋಗುತ್ತೆ

ಬಾಳೆ ಮಾಗಿಸಲು ಸಾಮಾನ್ಯವಾಗಿ ಬೇಕಾಗಿರೋದು 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 90–95 ತೇವಾಂಶ, 100 ಪಿಪಿಎಂ ಆಸುಪಾಸು ಎಥಿಲಿನ್ ಅನಿಲ, ಅದೂ ಮೊದಲ 24 ಗಂಟೆ. ಗಾಳಿ ಸೋರಿದರೆ ಈ ಮೂರೂ ಒಟ್ಟಿಗೆ ಕೈಬಿಡುತ್ತವೆ.

ಎಥಿಲಿನ್ ಲೆಕ್ಕ ನೋಡಿ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತೆ. ಅದಕ್ಕೆ 100 ಪಿಪಿಎಂ ಅಂದರೆ ಬರೀ 2.8 ಲೀಟರ್ ಅನಿಲ. ಕೋಣೆಯ ಗಾಳಿ ಗಂಟೆಗೊಮ್ಮೆ ಬದಲಾಗುವಷ್ಟು ಸೋರಿಕೆ ಇದ್ದರೆ, ಒಂದು ಗಂಟೆಯಲ್ಲಿ ಆ 100 ಪಿಪಿಎಂ 37ಕ್ಕೆ ಇಳಿಯುತ್ತೆ, ಎರಡು ಗಂಟೆಯಲ್ಲಿ 14ರ ಹತ್ತಿರ. 24 ಗಂಟೆ ಇರಬೇಕಾದ್ದು ಊಟ ಮಾಡಿ ಬರೋಷ್ಟರಲ್ಲಿ ಖಾಲಿ. ಗ್ಯಾಸ್ ಬಿಟ್ರೂ ಬಣ್ಣ ಕೂರಲಿಲ್ಲ ಅನ್ನೋ ದೂರಿನ ಹಿಂದೆ ಇದೇ ಇರೋ ಸಾಧ್ಯತೆ ಹೆಚ್ಚು.

ಅಷ್ಟೊಂದು ಸೋರುತ್ತಾ ಅಂತ ಕೇಳಬೇಡಿ. 3 ಅಡಿ ಅಗಲದ ಬಾಗಿಲ ಕೆಳಗೆ 1 ಸೆಂಟಿಮೀಟರ್ ಸಂದು ಇದ್ದರೆ, ಗೋಡೆಗೆ 4 ಇಂಚಿನ ಪೈಪಿನಷ್ಟು ತೂತು ಕೊರೆದು ಹಾಗೇ ಬಿಟ್ಟಂತೆ. ಉದ್ದಕ್ಕೆ ಇರೋ ಸಂದು ಕಣ್ಣಿಗೆ ಚಿಕ್ಕದಾಗಿ ಕಾಣುತ್ತೆ, ಅಷ್ಟೇ.

ಇದರಲ್ಲಿ ಇನ್ನೊಂದು ದೊಡ್ಡ ವಿಷಯ ಇದೆ. ಕೋಣೆ ಕೈಕೊಟ್ಟು ಲೋಡು ಕಾಯಾಗೇ ಉಳಿದಾಗ, "ಒಂದು ಪೊಟ್ಟಣ ಕಾರ್ಬೈಡ್ ಇಟ್ಟುಬಿಡು" ಅನ್ನೋರು ಪಕ್ಕದಲ್ಲೇ ಇರ್ತಾರೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡೋದನ್ನ 2011ರ ಆಹಾರ ಸುರಕ್ಷತೆ ನಿಯಮಗಳು ನಿಷೇಧಿಸಿವೆ. ಕೈಗಾರಿಕೆಗೆ ತಯಾರಾಗೋ ಆ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶ ಇರಬಹುದು. ಎಥಿಲಿನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿ ಇದೆ. ಅಂದರೆ ಗಾಳಿ ಸೋರದ ಕೋಣೆ ಇದ್ದರೆ ಕಾನೂನು ಒಪ್ಪೋ ದಾರೀಲೇ ಕೆಲಸ ಆಗುತ್ತೆ. ಸಾವಯವ ಪ್ರಮಾಣಪತ್ರ ಇರೋರು ಎಥಿಲಿನ್ ಬಳಸೋ ಮುಂಚೆ ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನ ಒಂದು ಮಾತು ಕೇಳಿಕೊಳ್ಳಿ.

ಡಕ್ಟ್ ಎಲ್ಲಿದೆ ಅನ್ನೋದು ಮೊದಲ ಪ್ರಶ್ನೆ

ಮಿಷನ್‌ನಿಂದ ತಣ್ಣನೆ ಗಾಳಿ ಹೊತ್ತೊಯ್ಯೋ ತಗಡಿನ ಅಥವಾ ಮೆತ್ತನೆ ಕೊಳವೆಯೇ ಡಕ್ಟ್. ಇದು ಕೋಣೆಯ ಒಳಗೇ ಇದ್ದರೆ, ಸೋರಿದ ತಂಪು ಎಲ್ಲೂ ಹೋಗಲ್ಲ, ಕೋಣೆಯಲ್ಲೇ ಇರುತ್ತೆ. ಆದರೆ ಮಿಷನ್ ಹತ್ತಿರದ ಜೋಡಣೆಯಲ್ಲೇ ಗಾಳಿ ಖರ್ಚಾಗಿ ಕೊನೆ ತನಕ ತಲುಪಲ್ಲ. ಹತ್ತಿರದ ಕ್ರೇಟು ತಂಪಾಗಿ ನಿಧಾನಕ್ಕೆ ಮಾಗುತ್ತೆ, ದೂರದ್ದು ಬಿಸಿಯಾಗಿ ಬೇಗ ಮೆತ್ತಗಾಗುತ್ತೆ. ಲೋಡು ಒಂದೇ ಬಣ್ಣಕ್ಕೆ ಬರಲ್ಲ.

ಡಕ್ಟ್ ಶೀಟಿನ ಮೇಲೋ, ಸೀಲಿಂಗ್ ಮತ್ತು ಶೀಟಿನ ನಡುವೆಯೋ ಹಾದು ಬಂದಿದ್ದರೆ ನಷ್ಟ ಎರಡು ಪಟ್ಟು. ತಂಪು ಗಾಳಿ ಹೊರಗೆ ಸೋರಿದಷ್ಟೂ ಕೋಣೆಯೊಳಗೆ ಗಾಳಿ ಕಮ್ಮಿ ಬೀಳುತ್ತೆ, ಆ ಕೊರತೆ ತುಂಬೋಕೆ ಬಾಗಿಲ ಸಂದಿನಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತೆ. ಇನ್ನು ಮಿಷನ್‌ಗೆ ಗಾಳಿ ವಾಪಸ್ ಎಳೆಯೋ ಕಡೆ ತೂತಿದ್ದರೆ ಶೀಟಿನಡಿಯ ಕಾದ ಗಾಳಿ, ದೂಳು ನೇರವಾಗಿ ಮಿಷನ್ ಹೊಟ್ಟೆಗೆ. ಏಪ್ರಿಲ್ ಬಿಸಿಲಲ್ಲಿ ಆ ಜಾಗ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಇದು ನಮ್ಮ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜಿನಂತೆ ಅಲ್ಲಿನ ಸಾಮಾನ್ಯ ಮನೆಗಳ ಡಕ್ಟ್‌ನಲ್ಲಿ ಹರಿಯೋ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಸೋರಿಕೆ, ತೂತು, ಸಡಿಲ ಜೋಡಣೆಗಳಲ್ಲೇ ಹೋಗುತ್ತೆ. ನಮ್ಮ ಕೋಣೆಗೆ ಬರೀ ಶೇ. 10 ಅಂತ ಇಟ್ಟುಕೊಳ್ಳಿ. ಗಂಟೆಗೆ ಒಂದೂವರೆ ಯೂನಿಟ್ ಎಳೆಯೋ ಮಿಷನ್ ದಿನಕ್ಕೆ 15 ಗಂಟೆ ಓಡಿದರೆ 22 ಯೂನಿಟ್ ಚಿಲ್ಲರೆ. ಅದರಲ್ಲಿ ದಿನಕ್ಕೆ ಎರಡು ಯೂನಿಟ್‌ಗೂ ಹೆಚ್ಚು ಶೀಟು ತಂಪು ಮಾಡೋಕೆ ಹೋಯ್ತು. ನಿಮ್ಮ ಸೆಸ್ಕ್ ಬಿಲ್ಲಿನ ದರಕ್ಕೆ ಗುಣಿಸಿ ನೋಡಿ. ಕರೆಂಟ್ ಹೋದಾಗಲೂ ಅಷ್ಟೇ, ಸೋರದ ಕೋಣೆ ತಂಪನ್ನ ಹೆಚ್ಚು ಹೊತ್ತು ಹಿಡಿದಿಡುತ್ತೆ.

ಹುಡುಕೋದು ಹೇಗೆ

ದುಬಾರಿ ಉಪಕರಣ ಬೇಡ. ಕೋಣೆ ಖಾಲಿ ಇರಲಿ. ಎಥಿಲಿನ್ ಸಿಲಿಂಡರ್ ಹೊರಗಿಟ್ಟು, ಕೋಣೆಯ ಹಳೇ ಗಾಳಿಯನ್ನ ಪೂರ್ತಿ ಹೊರಗೆ ಹಾಕಿ ಆಮೇಲೆ ಶುರು ಮಾಡಿ. ಎಥಿಲಿನ್ ಗಾಳಿಯಲ್ಲಿ ಶೇ. 2.7 ದಾಟಿದರೆ ಕಿಡಿ ತಾಗಿ ಸ್ಫೋಟಿಸಬಲ್ಲ ಅನಿಲ. 100 ಪಿಪಿಎಂ ಅಂದರೆ ಶೇ. 0.01 ಮಾತ್ರ, ನಿಜ. ಆದರೆ ಸಿಲಿಂಡರ್ ವಾಲ್ವ್ ಸೋರಿದರೆ ಲೆಕ್ಕ ಬೇರೆ ಆಗುತ್ತೆ.

1. ಬೆಳಕು: ಮಧ್ಯಾಹ್ನ ಒಳಗೆ ನಿಂತು ಬಾಗಿಲು ಹಾಕಿಸಿ, ದೀಪ ಆರಿಸಿ, ಐದು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಬಾಗಿಲ ಬಳಿ ಒಬ್ಬರು ಕಾಯ್ತಿರಲಿ. ಬೆಳಕಿನ ಗೆರೆ ಎಲ್ಲಿ ಕಾಣುತ್ತೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ.

2. ಊದುಬತ್ತಿ: ಮೈಸೂರು ಸೀಮೆಯಲ್ಲಿ ಇದಕ್ಕೆ ಬರ ಇಲ್ಲ. ಫ್ಯಾನ್ ಓಡಿಸಿ, ಹಚ್ಚಿದ ಬತ್ತಿಯನ್ನ ಡಕ್ಟಿನ ಪ್ರತಿ ಜೋಡಣೆ, ಬಾಗಿಲ ಅಂಚು, ಪೈಪ್ ಮತ್ತು ವೈರು ಒಳಗೆ ಬರೋ ತೂತುಗಳ ಹತ್ತಿರ ನಿಧಾನಕ್ಕೆ ಒಯ್ಯಿರಿ. ಹೊಗೆ ನೆಟ್ಟಗೆ ಏರಿದರೆ ಸರಿ. ಚದುರಿದರೆ ಗಾಳಿ ಹೊರಗೆ ಬರ್ತಿದೆ, ಒಳಗೆ ಸೆಳೆದುಕೊಂಡರೆ ಎಳೆಯೋ ಸೋರಿಕೆ ಇದೆ.

3. ಕಾಗದ: ಬಾಗಿಲ ನಡುವೆ ಒಂದು ಹಾಳೆ ಇಟ್ಟು ಮುಚ್ಚಿ, ಎಳೆಯಿರಿ. ಸರಾಗವಾಗಿ ಬಂದರೆ ಅಲ್ಲಿ ರಬ್ಬರ್ ಕೂತಿಲ್ಲ. ನಾಲ್ಕೂ ಬದಿ ನೋಡಿ.

4. ಬೆವರು: ಮಿಷನ್ ಓಡುವಾಗ ಡಕ್ಟಿನ ಹೊರಮೈ ಒಂದೇ ಕಡೆ ಬೆವರಿ ಹನಿ ಬೀಳ್ತಿದ್ದರೆ ಅಲ್ಲಿ ತಣ್ಣನೆ ಗಾಳಿ ಸೋರ್ತಿರಬಹುದು ಅಥವಾ ಹೊದಿಕೆ ಕಿತ್ತಿರಬಹುದು.

5. ಎರಡು ಥರ್ಮಾಮೀಟರ್: ಒಂದು ಮಿಷನ್ ಬಾಯಲ್ಲಿ, ಇನ್ನೊಂದು ಡಕ್ಟಿನ ಕೊನೇ ಬಾಯಲ್ಲಿ. ಒಂದು ಗಂಟೆ ಓಡಿಸಿ ಎರಡರ ಫೋಟೋ ಫೋನಲ್ಲಿ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಅದೇ ಹೊತ್ತಿಗೆ ಮತ್ತೆ ತೆಗೆಯಿರಿ. ವ್ಯತ್ಯಾಸ ಕಮ್ಮಿಯಾಗಿದ್ದರೆ ಕೆಲಸ ಆಗಿದೆ ಅಂತ ಅರ್ಥ.

ಯಾವುದರಿಂದ ಮುಚ್ಚಬೇಕು

ಮೊದಲು ಕರೆಂಟ್ ಆಫ್ ಮಾಡಿ. ಜೋಡಣೆಯ ದೂಳು, ಜಿಡ್ಡು ಒರೆಸಿ ಒಣಗಿಸಿ. ಸಡಿಲ ಇದ್ದರೆ ಸ್ಕ್ರೂ ಹಾಕಿ ಬಿಗಿ ಮಾಡಿ. ಅಂಟು ಇರೋದು ಗಾಳಿ ತಡೆಯೋಕೆ, ಭಾರ ಹೊರೋಕಲ್ಲ.

ತಗಡಿನ ಡಕ್ಟಿನ ಜೋಡಣೆಗೆ ಮಾಸ್ಟಿಕ್ ಅನ್ನೋ ಗಟ್ಟಿ ಪೇಸ್ಟು ಒಳ್ಳೇದು. ಬ್ರಷ್‌ನಲ್ಲಿ ಬಳಿದು ಒಣಗೋಕೆ ಬಿಡಿ. ಸಂದು ಕಾಲು ಇಂಚಿಗಿಂತ ಅಗಲ ಇದ್ದರೆ ಫೈಬರ್ ಜಾಲರಿ ಪಟ್ಟಿ ಇಟ್ಟು ಅದರ ಮೇಲೆ ಬಳಿಯಿರಿ. ಸಣ್ಣ ಸೀಳಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸಾಕು. ಪ್ಯಾಕಿಂಗ್ ಟೇಪ್ ಬೇಡ. ಹೆಸರೇ ಡಕ್ಟ್ ಟೇಪ್ ಅಂತಿರೋ ಬಟ್ಟೆ ಟೇಪೂ ಬೇಡ. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್, ಇಯಾನ್ ವಾಕರ್ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಾಳಿಕೆ ಬರದೆ ಸೋತಿದ್ದು ಈ ಬಟ್ಟೆ ಟೇಪೇ.

ಮೆತ್ತನೆ ಡಕ್ಟ್ ಆದರೆ ಒಳಪದರವನ್ನ ಮೊದಲು ಬಾಯಿಗೆ ಎಳೆದು ಕ್ಲ್ಯಾಂಪ್ ಹಾಕಿ, ಆಮೇಲೆ ಹೊದಿಕೆ, ಕೊನೆಗೆ ಹೊರಪದರ. ಬರೀ ಹೊರಪದರಕ್ಕೆ ದಾರ ಕಟ್ಟಿದರೆ ಗಾಳಿ ಒಳಗೊಳಗೇ ಸೋರುತ್ತೆ. ತಗಡಿನ ಡಕ್ಟಿಗೂ ಮೊದಲು ಸೋರಿಕೆ ಮುಚ್ಚಿ, ಆಮೇಲೆ ಉಷ್ಣ ತಡೆಯೋ ಹೊದಿಕೆ ಸುತ್ತಿ. ಹೊದಿಕೆ ಬಿಸಿ ತಡೆಯುತ್ತೆ, ಗಾಳಿ ತಡೆಯಲ್ಲ.

ಗೋಡೆ–ಸೀಲಿಂಗ್ ಸಂದಿಗೆ ಸಿಲಿಕಾನ್, ಪೈಪ್ ತೂತಿಗೆ ಪಿಯು ಫೋಮ್, ಬಾಗಿಲ ಸುತ್ತ ರಬ್ಬರ್ ಬೀಡಿಂಗ್, ಕೆಳಗೆ ರಬ್ಬರ್ ಪಟ್ಟಿ. ಎಲ್ಲರೂ ಮರೆಯೋದು ಮಿಷನ್‌ನ ನೀರು ಹೋಗೋ ಪೈಪು. ಅದಕ್ಕೆ ಯು ಬೆಂಡ್ ಹಾಕಿ ನೀರು ನಿಲ್ಲೋ ಹಾಗೆ ಮಾಡದಿದ್ದರೆ ಅದೂ ಒಂದು ಗಾಳಿ ಕಿಂಡಿಯೇ.

ಕ್ರೇಟಿನ ಸಾಲೂ ಒಂದು ಡಕ್ಟೇ

ಡಕ್ಟ್ ಸರಿ ಮಾಡಿದ ಮೇಲೂ ಕೆಲವು ಕ್ರೇಟು ಹಿಂದೆ ಬಿದ್ದರೆ ಜೋಡಿಸಿರೋ ರೀತಿ ನೋಡಿ. ಗಾಳಿ ಸುಲಭದ ದಾರಿ ಹಿಡಿಯುತ್ತೆ. ಕ್ರೇಟುಗಳ ನಡುವೆ ಕೈ ತೂರೋಷ್ಟು ಜಾಗ ಇದ್ದರೆ ಅಲ್ಲೇ ನುಸುಳಿ ಹೋಗುತ್ತೆ, ಹಣ್ಣಿನ ನಡುವೆ ಹೋಗಲ್ಲ. ದೊಡ್ಡ ಕೋಣೆಗಳಲ್ಲಿ ಎರಡು ಸಾಲಿನ ನಡುವೆ ಓಣಿ ಬಿಟ್ಟು, ಅದರ ಮೇಲೆ ಮತ್ತು ಒಂದು ತುದಿಗೆ ಟಾರ್ಪಾಲು ಮುಚ್ಚಿ, ಇನ್ನೊಂದು ತುದಿಯಿಂದ ಫ್ಯಾನ್‌ನಲ್ಲಿ ಗಾಳಿ ಎಳೀತಾರೆ. ಆಗ ಗಾಳಿ ಕ್ರೇಟಿನ ಕಿಂಡಿಗಳ ಮೂಲಕವೇ ಹಾದು ಬರಬೇಕು. ನಮ್ಮ ಸಣ್ಣ ಕೋಣೆಗೂ ಇದೇ ಸೂತ್ರ. ಟಾರ್ಪಾಲಿನ ಅಂಚು ಸಡಿಲ ಬಿಟ್ಟರೆ ಅದೇ ಸೋರಿಕೆ.

ರಸಬಾಳೆ ಬೆಳೆಗಾರರಿಗೆ ಇದು ಇನ್ನೂ ಮುಖ್ಯ. ಪನಾಮ ಸೊರಗು ರೋಗದ ಕಾಟದಿಂದ ಕಮ್ಮಿಯಾಗಿರೋ, ಜಿಐ ಟ್ಯಾಗ್ ಇರೋ ನಂಜನಗೂಡು ರಸಬಾಳೆಯ ಸಿಪ್ಪೆ ತೆಳು. ಅತಿಯಾಗಿ ಮಾಗಿದರೆ ಹಣ್ಣು ಚಿಪ್ಪಿನಿಂದ ಉದುರುತ್ತೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗೊನೆಯನ್ನ ಕೋಣೆಯ ಬಿಸಿ ಮೂಲೆಯಲ್ಲಿ ಕಳ್ಕೋಬಾರದು.

ಮುಚ್ಚಬಾರದ ಕಿಂಡಿ

ಇಲ್ಲಿ ಒಂದು ಎಚ್ಚರಿಕೆ. ಬಾಳೆ ಉಸಿರಾಡುತ್ತೆ, ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಅದು ಕೋಣೆಯಲ್ಲಿ ಶೇ. 1 ದಾಟಿದರೆ ಎಥಿಲಿನ್ ಕೆಲಸ ಕುಂಟುತ್ತೆ, ಇನ್ನೂ ಹೆಚ್ಚಾದರೆ ಒಳಗೆ ಹೋದ ಮನುಷ್ಯನಿಗೇ ಅಪಾಯ. ಸೋರದ ಕೋಣೆಯಲ್ಲಿ ಇದು ಬೇಗ ತುಂಬಿಕೊಳ್ಳುತ್ತೆ. ಹಾಗಂತ ಸೋರಿಕೆ ಬಿಡೋದು ಪರಿಹಾರ ಅಲ್ಲ. ನಮಗೆ ಬೇಕಾದಾಗ, ಬೇಕಾದ ಕಡೆ ತೆರೆಯೋ ಕಿಂಡಿ ಮತ್ತು ಹೊರತಳ್ಳೋ ಫ್ಯಾನ್ ಪರಿಹಾರ. ಮೊದಲ 24 ಗಂಟೆ ಆದ ಮೇಲೆ ಗಾಳಿ ಪೂರ್ತಿ ಬದಲಾಯಿಸಿ, ಆಮೇಲೆ ಮೀಟರ್ ನೋಡ್ಕೊಂಡು ಶೇ. 1ರ ಒಳಗೆ ಇಟ್ಟುಕೊಳ್ಳಿ. ಬಾಗಿಲು ತೆಗೆದ ತಕ್ಷಣ ಒಳಗೆ ನುಗ್ಗಬೇಡಿ. ಫ್ಯಾನ್ ಓಡಿಸಿ, ಗಾಳಿ ಬದಲಾಗಲಿ, ಹೊರಗೆ ಒಬ್ಬರು ನಿಂತಿರಲಿ. ಬಾಗಿಲು ಒಳಗಿನಿಂದಲೂ ತೆರೆಯೋ ಹಾಗಿರಲೇಬೇಕು.

ಹೊಗೆ ಹಾಕಿ ಬಾಳೆ ಹಣ್ಣು ಮಾಡ್ತಿದ್ದ ಹಿರಿಯರೂ ಬಾಗಿಲ ಸಂದಿಗೆ ಮಣ್ಣು ಮೆತ್ತಿ, ಹೊತ್ತು ನೋಡಿ ತೆಗೀತಿದ್ದರು. ಗಾಳಿ ಯಾವಾಗ ಒಳಗಿರಬೇಕು, ಯಾವಾಗ ಹೊರಗೆ ಹೋಗಬೇಕು ಅನ್ನೋದು ಅವರ ಕೈಯಲ್ಲಿತ್ತು.

ರೇಷ್ಮೆ ಮನೆ ಇರೋರಿಗೆ

ಟಿ. ನರಸೀಪುರ ಕಡೆ ರೇಷ್ಮೆ ಸಾಕೋರಿಗೂ ಈ ತಪಾಸಣೆ ಉಪಯೋಗಕ್ಕೆ ಬರುತ್ತೆ. ಚಾಕಿ ಹುಳುವಿಗೆ 26–28 ಡಿಗ್ರಿ, ಶೇ. 80–90 ತೇವಾಂಶ ಬೇಕು. ಚಳಿಗಾಲದ ರಾತ್ರಿ ಹೀಟರ್ ಹಾಕಿದರೂ ಬಿಸಿ ನಿಲ್ಲದಿದ್ದರೆ ಸಂದುಗಳನ್ನ ನೋಡಿ. ಸಂದು ಮುಚ್ಚಿದರೆ ಊಜಿ ನೊಣಕ್ಕೂ ದಾರಿ ತಪ್ಪುತ್ತೆ. ಆದರೆ ದೊಡ್ಡ ಹುಳುವಿಗೆ 24–25 ಡಿಗ್ರಿಯ ಜೊತೆ ಚೆನ್ನಾಗಿ ಗಾಳಿಯಾಡಬೇಕು. ಅಲ್ಲಿ ಕಿಟಕಿಗೆ ನೊಣದ ಜಾಲರಿ ಹಾಕಿ, ಮುಚ್ಚಿಬಿಡಬೇಡಿ.

ಈ ವಾರ ಮಾಡಬೇಕಾದ್ದು

ಮುಂದಿನ ಲೋಡಿಗೆ ಮುಂಚೆ ಊದುಬತ್ತಿ, ಚಾಕ್‌ಪೀಸು, ಎರಡು ಥರ್ಮಾಮೀಟರ್ ಹಿಡ್ಕೊಂಡು ಕೋಣೆ ಒಂದು ಸುತ್ತು ಹಾಕಿ. ಮೊದಲು ಬಾಗಿಲು, ಆಮೇಲೆ ಮಿಷನ್ ಮತ್ತು ಡಕ್ಟ್ ಸೇರೋ ಜಾಗ, ಆಮೇಲೆ ಉಳಿದದ್ದು. ಹೊಸದಾಗಿ ಕಟ್ಟೋರು ಡಕ್ಟನ್ನ ಕೋಣೆಯೊಳಗೇ ಬರೋ ಹಾಗೆ ನಕ್ಷೆ ಮಾಡಿಸಿ, ಸಹಾಯಧನದ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವೂ ಹತ್ತಿರದಲ್ಲೇ ಇದೆ. ಸೋರಿಕೆ ಎಲ್ಲ ಮುಚ್ಚಿ, ಒಂದು ಲೋಡು ಮಾಗಿಸಿ, ಆಗಲೂ 18ಕ್ಕೆ ಇಳಿಯದಿದ್ದರೆ ಧೈರ್ಯವಾಗಿ ದೊಡ್ಡ ಮಿಷನ್ ಮಾತಾಡಿ. ಆಗ ನಿಮ್ಮ ಫೋನಲ್ಲಿರೋ ಫೋಟೋ ತೋರಿಸಿ ಮಾತಾಡಬಹುದು, ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಿಲ್ಲ.